ಪೇಟೆ ಭಟ್ಕಳ, ತಾಲೂಕು ಹೊನ್ನಾವರ

ಅರ್ಚಿತಾಗೆ ನಾನು ಮಾತು ಕೊಟ್ಟದ್ದು ಅವಳು ಪಿಯುಸಿ ಓದುತ್ತಿದ್ದಾಗ. ಅವಳ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯನ್ನು ಪರೀಕ್ಷೆ ಮುಗಿದದ್ದೇ ಮದುವೆ ಮಾಡಿ ಕೊಟ್ಟುಬಿಟ್ಟಿದ್ದರು. ಗಂಡಿನ ಮುಖವನ್ನು ಆ ಹುಡುಗಿ ಸರಿಯಾಗಿ ನೋಡಿದ್ದು ಚಪ್ಪರದಲ್ಲೇ ಅಂತೆ. ಮದುವೆ ಊಟ ಮಾಡಿ ಬಂದ ನನ್ನ ಮಗಳು ಮಂಕು ಬಡಿದವಳ ಹಾಗೆ ಕೂತಿದ್ದಳು. ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ಹತ್ತಿರ ಬಂದು, "ನಂಗೂ ಹಾಂಗೇ ಮಾಡ್ತ್ಯಾ ಅಮ್ಮ?" ಎಂದು ಕೇಳಿದಳು.

"ನೀ ತೋರಿಸಿದವಂಗೇ ನಿನ್ನ ಕೊಡೂದು," ಎಂದೆ. "ನಾ ಅಡ್ಡ ಬರೂದಿಲ್ಲ. ಬೇರೆಯವ್ರಿಗೂ ಅಡ್ಡ ಬರೂಕೆ ಬಿಡೂದಿಲ್ಲ."

"ಆಣೆ ಮಾಡು."

"ಆಣೆ ಎಂತಕ್ಕೆ? ನಾ ಹೇಳಿದ್ದು ಸಾಲೂದಿಲ್ವ?"

ಆಗ ಮಾತು ಕೊಡುವುದು ಸುಲಭವಿತ್ತು. ತೋರಿಸಲು ಅವಳ ಹತ್ತಿರ ಯಾರೂ ಇರಲಿಲ್ಲ.

ಈ ವರ್ಷ ತೋರಿಸಿದಳು. ಈಗ ಅವಳು ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಹುಡುಗನ ಹೆಸರು ಸಂದೇಶ, ರೈಲ್ವೆಯಲ್ಲಿ ಸಿಗ್ನಲ್ ಕೆಲಸ, ಹೊನ್ನಾವರದವನೇ, ನಮ್ಮ ಜನವೇ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ದುರ್ಗಪ್ಪ ಅವನನ್ನು ಸಾಕಿ ಓದಿಸಿದ್ದರು. ನನಗೆ ಅಡ್ಡಿ ಹೇಳಲು ಏನೂ ಸಿಗಲಿಲ್ಲ, ಸಿಗಲಿಲ್ಲವೆಂದು ಸಮಾಧಾನವೂ ಆಯಿತು.

ದುರ್ಗಪ್ಪನವರು ಹೊಳನಗದ್ದೆಯ ನಮ್ಮ ಮನೆಗೆ ಬಂದರು. ಅವಲಕ್ಕಿ ತಿಂದರು, ಚಾ ಕುಡಿದರು, ಬಾವಿಗೆ ಬಗ್ಗಿ ನೋಡಿ "ಉಪ್ಪು ನೀರಲ್ಲ ಅಲ್ದ?" ಎಂದರು. ನನ್ನ ಗಂಡ ಪ್ರಕಾಶ ಟೆಂಪೋ ಓಡಿಸುವವನು, ಯಾರ ಜೊತೆಗೂ ಐದು ನಿಮಿಷದಲ್ಲಿ ನೆಂಟಸ್ತನ ಬೆಳೆಸುತ್ತಾನೆ. ಇಬ್ಬರೂ ನಗುತ್ತಲೇ ಯುಗಾದಿ ಕಳೆದ ಮೇಲೆ ವೀಳ್ಯ ಮಾಡುವುದೆಂದು ಮಾತಾಡಿಕೊಂಡರು. ವೀಳ್ಯ ಬದಲಾಯಿಸಿಕೊಂಡರೆ ನಮ್ಮಲ್ಲಿ ಮದುವೆ ಗಟ್ಟಿಯಾದ ಹಾಗೆ. ಎದ್ದು ಚಪ್ಪಲಿ ಮೆಟ್ಟುತ್ತ ಅವರು ಕೇಳಿದರು.

"ಎಲ್ಲ ಆತು. ಬಳಿ ಯಾವ್ದು ನಿಮ್ದು?"

"ಬಳಿಯಾ?" ಎಂದ ಪ್ರಕಾಶ, ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳುವವನ ಹಾಗೆ ನನ್ನ ಕಡೆ ನೋಡಿದ.

ಬಳಿ ಎಂದರೆ ಬೇರೆಯವರ ಗೋತ್ರ ಇದ್ದ ಹಾಗೆ. ಒಂದೊಂದು ಬಳಿಗೆ ಒಂದೊಂದು ಮರದ್ದೋ ಪ್ರಾಣಿಯದ್ದೋ ಹೆಸರು. ಒಂದೇ ಬಳಿಯವರೆಂದರೆ ಅಣ್ಣ ತಂಗಿ, ಅವರೊಳಗೆ ಮದುವೆ ಇಲ್ಲ. ನಾನು ಹುಟ್ಟಿದ ಮಿರ್ಜಾನಿನಲ್ಲೂ, ಕೊಟ್ಟ ಹೊಳನಗದ್ದೆಯಲ್ಲೂ ಅಪ್ಪನ ಬಳಿ ಮಕ್ಕಳಿಗೆ ಬರುತ್ತದೆ. ನನ್ನ ಅಪ್ಪನದು ಕಡವೆ ಬಳಿ, ಹಾಗಾಗಿ ನಾನು ಕಡವೆ. ನನ್ನ ಮದುವೆಯಲ್ಲಿ ಅಪ್ಪ ಇದೇ ಪ್ರಶ್ನೆ ಕೇಳಿದ್ದಕ್ಕೆ ನನ್ನ ಮಾವ, "ನಿಮ್ದು ಕಡವೆ ಅಲ್ದ? ನಮ್ದು ಅದಲ್ಲ ಬಿಡಿ," ಎಂದು ಮುಗಿಸಿದ್ದರಂತೆ. ಮೂವರು ಹೆಣ್ಣುಮಕ್ಕಳ ಅಪ್ಪ ಮತ್ತೆ ಕೇಳಲಿಲ್ಲ. ಮಾವ ಈಗಿಲ್ಲ.

"ನಮ್ದು ಹೊನ್ನೆ," ಎಂದರು ದುರ್ಗಪ್ಪ. "ನಿಮ್ದು ಹೊನ್ನೆ ಅಲ್ದಿದ್ರೆ ಆತು. ವೀಳ್ಯದೊಳಗೆ ತಿಳ್ಸಿ. ಬಳಿ ಗೊತ್ತಿಲ್ದೆ ನಾ ವೀಳ್ಯದೆಲೆ ಮುಟ್ಟೂದಿಲ್ಲ. ಬೇಜಾರು ಮಾಡ್ಕಬೇಡಿ."

ಅವರ ಬೈಕು ತಿರುವು ದಾಟುವವರೆಗೂ ಒಳಗೆ ಸುಮ್ಮನೆ ಕೂತಿದ್ದ ಅತ್ತೆ ಗಂಗಿ ಆಮೇಲೆ ಬಾಯಿ ಬಿಟ್ಟರು. "ನಮ್ಮ ಮಾವ ಹೊನ್ನೆ ಕಟ್ಟಿಗೆ ಒಲೆಗೆ ಇಡೂಕೆ ಕೊಡ್ತಿದ್ದಿಲ್ಲ. ಹೊನ್ನೆ ಕಡಿದ್ರೆ ರಕ್ತ ಬತ್ತದೆ ಅಂತಿದ್ರು."

ಹಾಗಾದರೆ ನಮ್ಮದೂ ಹೊನ್ನೆಯೇ? ನಾನು ಚಾ ಲೋಟ ಕೆಳಗಿಟ್ಟೆ.

ಅತ್ತೆಯ ಮಾವ ಎಂದರೆ ಪ್ರಕಾಶನ ಅಜ್ಜ ಬೊಮ್ಮಯ್ಯ. ತೆಂಕಿನಿಂದ ಬಂದವರು. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರದ ಕೆಲಸಕ್ಕೆ ಬಂದು, ಹೊಳನಗದ್ದೆಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದರು. ಯಾಕೆ ಬಂದರು, ಯಾಕೆ ಮರಳಿ ಹೋಗಲಿಲ್ಲ ಎಂದು ಯಾರೂ ಕೇಳಿದಂತಿಲ್ಲ. ಊರು ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಮಾತ್ರ ಅತ್ತೆಗೆ ಬಾಯಿಪಾಠ: "ಪೇಟೆ ಭಟ್ಕಳ, ತಾಲೂಕು ಹೊನ್ನಾವರ, ತೆಂಕಣಕೇರಿ."

"ಭಟ್ಕಳ ಪೇಟೆ ಹೊನ್ನಾವರ ತಾಲೂಕಲ್ಲಿ ಹ್ಯಾಂಗೆ ಇರ್ತದೆ?" ಎಂದು ಪ್ರಕಾಶ ನಕ್ಕ. "ಅಜ್ಜ ತೀರ್ಥ ತಗಂಡು ಹೇಳಿದ್ದು ಅದು." ಆಮೇಲೆ ಗಂಭೀರವಾಗಿ, "ತೋಳನ ಬಳಿ ಅಂತ ಹೇಳ್ಬಿಡುವ ಮಾರಾಯ್ತಿ. ಯಾರು ಕಂಡವ್ರು?" ಎಂದ.

ಹೇಳಬಹುದಿತ್ತು. ಆದರೆ ನಮ್ಮ ಕೇರಿಯ ಕೊನೆಯ ಮನೆಯಲ್ಲಿ ಒಂದು ಜೋಡಿಯಿದೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಅವರದು ಒಂದೇ ಬಳಿ, ಮುಚ್ಚಿಟ್ಟು ಮದುವೆ ಮಾಡಿದರು ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಆಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಕೇಳಿ ಹೂಂ ಅಂದಿದ್ದೇನೆ ಕೂಡ. ಅದೆಲ್ಲ ಸುಳ್ಳೆಂದು ಹಗಲಲ್ಲಿ ಗೊತ್ತಾಗುತ್ತದೆ. ಆದರೆ ಅಣ್ಣ ತಂಗಿ ಎಂಬ ಮಾತು ಒಮ್ಮೆ ತಲೆಗೆ ಹೊಕ್ಕಿತೆಂದರೆ, ಸಂದೇಶನ ಫೋಟೋ ನೋಡಿದಾಗಲೆಲ್ಲ ನನಗೆ ಅವನ ಹುಬ್ಬಿನಲ್ಲಿ ಪ್ರಕಾಶನ ಹುಬ್ಬು ಕಾಣತೊಡಗಿತು.

ಅರ್ಚಿತಾಗೆ ಹೇಳಿದಾಗ ಅವಳು ಮೊದಲು ನಕ್ಕಳು. "ದಿನಾ ಎಷ್ಟೋ ಜನರ ರಕ್ತ ನೋಡ್ತೆ ಅಮ್ಮ. ಒಬ್ರ ರಕ್ತದಲ್ಲೂ ಹೊನ್ನೆ ಮರ ಕಂಡಿದ್ದಿಲ್ಲ."

"ಸಂದೇಶ ಎಂತ ಹೇಳ್ತ?"

ಅವಳ ನಗು ಹೋಯಿತು. "ದೊಡ್ಡಪ್ಪ ಬೇಡ ಅಂದ್ರೆ ಅವ ಮೀರೂದಿಲ್ಲ. ಮೊದಲೇ ಹೇಳಿದ್ದ. ಸಾಕಿದವ್ರಲ್ವ." ಆಮೇಲೆ, "ಬೇರೆಯವ್ರಿಗೂ ಅಡ್ಡ ಬರೂಕೆ ಬಿಡೂದಿಲ್ಲ ಅಂದಿದ್ದೆ ನೀನು," ಎಂದಳು.

ನಾನು ಕುಮಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಧಾರೆ ಸೀರೆ ಆರಿಸಲು ಬಂದವರ ಮುಂದೆ ದಿನವಿಡೀ ನಿಂತು ಬಿಚ್ಚಿ ಹರಡಬೇಕು, ಅವರು ಹೋದ ಮೇಲೆ ಮಡಚಬೇಕು. ಆ ವಾರ ಬಂದ ಪ್ರತಿ ತಾಯಿಯನ್ನೂ ನಾನು ಹೊಟ್ಟೆಕಿಚ್ಚಿನಿಂದ ನೋಡಿದೆ. ಅವರಿಗೆ ಅಂಚು ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂಬುದೊಂದೇ ಚಿಂತೆ.

ಭಾನುವಾರ ನಾನೂ ಪ್ರಕಾಶನೂ ಭಟ್ಕಳಕ್ಕೆ ಹೋದೆವು. ಟೆಂಪೋ ಗ್ಯಾರೇಜಿನಲ್ಲಿದ್ದದ್ದರಿಂದ ಬಸ್ಸು. ನಾನು ಆಧಾರ್ ತೋರಿಸಿ ಫ್ರೀ ಟಿಕೇಟು ತೆಗೆದುಕೊಂಡೆ. "ನನ್ನ ಅಜ್ಜನ ಊರು ಹುಡುಕೂಕೆ ದುಡ್ಡು ಕೊಡೂದು ನಾನು, ಪುಕ್ಕಟೆ ಬರೂದು ನೀನು," ಎಂದು ಪ್ರಕಾಶ ಗೊಣಗಿದ. ಕಂಡಕ್ಟರ್ ನಕ್ಕ. ನನಗೆ ನಗು ಬರಲಿಲ್ಲ.

ಪೇಟೆ ಎಂದರಲ್ಲ, ಪೇಟೆಯಲ್ಲೇ ಹುಡುಕಿದೆವು. ಮುಖ್ಯರಸ್ತೆ, ಹಳೆ ಬಸ್‌ಸ್ಟ್ಯಾಂಡು, ಮೀನು ಮಾರ್ಕೆಟ್ಟು. ತೆಂಕಣಕೇರಿ ಎಂದರೆ ಒಬ್ಬ ಮಸೀದಿಯ ಹಿಂದೆ ಕೈ ತೋರಿಸಿದ, ಇನ್ನೊಬ್ಬ ಹೊಳೆಯ ಕಡೆ ತೋರಿಸಿದ. ನಮ್ಮ ಜನರ ಒಂದೆರಡು ಮನೆ ಸಿಕ್ಕಿತು. ಬೊಮ್ಮಯ್ಯ ಎಂಬ ಹುಡುಗ ಉಪ್ಪಿನ ಆಗರಕ್ಕೆ ಹೋದ ಕಥೆ ಅವರಿಗೆ ಗೊತ್ತಿರಲಿಲ್ಲ. ಬಿಸಿಲಿಗೆ ತಲೆ ಸಿಡಿಯತೊಡಗಿತು. ನೆರಳು ಕಂಡು ಒಂದು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದೆವು. ಗಲ್ಲೆಯಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ಕೂತಿದ್ದರು.

"ಏನು ತೋರಿಸ್ಲಿ?"

"ಏನೂ ಬೇಡ ಸಾಹೇಬ್ರೆ. ಅವಳು ದಿನಾ ಸೀರೆ ನೋಡೇ ಸುಸ್ತಾಗಿರೂದು," ಎಂದ ಪ್ರಕಾಶ, ಮತ್ತು ಕೇಳದಿದ್ದರೂ ಕಥೆಯೆಲ್ಲ ಹೇಳಿದ.

ಸಾಹೇಬರು ಒಳಗಿದ್ದ ಮಗನಿಗೆ ನವಾಯತಿ ಭಾಷೆಯಲ್ಲಿ ಏನೋ ಹೇಳಿ ಎರಡು ಲಿಂಬು ಶರಬತ್ತು ತರಿಸಿದರು. "ಅಜ್ಜ ಏನು ಹೇಳ್ತಿದ್ರು, ಅವರ ಬಾಯಲ್ಲಿ ಬಂದ ಹಾಗೇ ಹೇಳಿ ನೋಡುವ."

"ಪೇಟೆ ಭಟ್ಕಳ, ತಾಲೂಕು ಹೊನ್ನಾವರ, ತೆಂಕಣಕೇರಿ," ಎಂದೆ ನಾನು.

ಅವರು ತೊಡೆ ತಟ್ಟಿ ನಕ್ಕರು. "ಪೇಟೆ ಅಲ್ಲಮ್ಮ, ಪೇಟಾ. ಪೇಟಾ! ಬೊಂಬಾಯಿ ಸರ್ಕಾರದ ಕಾಲದ ಮಾತು. ಆಗ ಭಟ್ಕಳ ತಾಲೂಕಲ್ಲ, ಹೊನ್ನಾವರ ತಾಲೂಕಿನ ಒಂದು ತುಂಡು. ಅಂಥ ತುಂಡಿಗೆ ಪೇಟಾ ಅಂತಿದ್ರು. ಅದನ್ನು ನೋಡ್ಕೊಳ್ಳುವ ಮಹಾಲ್ಕರಿ ಸಾಹೇಬ ಇಲ್ಲೇ ಕೂತ್ಕೊಳ್ತಿದ್ದ, ನಮ್ಮ ಅಜ್ಜ ಅವನ ಕಚೇರಿಗೆ ಬಟ್ಟೆ ಕೊಡ್ತಿದ್ರು. ನಿಮ್ಮ ಅಜ್ಜ ಸರೀಯಾಗೇ ಹೇಳಿದ್ದಾರೆ. ನೀವು ಒಂದು ದೀರ್ಘ ತಿಂದ್ರಿ, ಬಜಾರ್ ಸುತ್ತಿದ್ರಿ."

ಬೆಳಗಿನಿಂದ ಸುತ್ತಿದ್ದೆಲ್ಲ ದಂಡ. ಪೇಟಾ ಎಂದರೆ ಎಷ್ಟು ದೊಡ್ಡದು ಎಂದು ಕೇಳಿದೆ.

"ಮುರ್ಡೇಶ್ವರದ ಆ ಕಡೆಯಿಂದ ಹಿಡಿದು ತೆಂಕಿಗೆ ಗಡಿ ತನಕ. ಎಲ್ಲ ಭಟ್ಕಳ ಪೇಟಾ." ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. "ಒಂದು ಮಾತು ಹೇಳ್ತೆ ಕೇಳಿ. ನಟ್ಟನಡುವೆ ಇದ್ದವನು ಊರು ಯಾವ್ದು ಅಂದ್ರೆ ಭಟ್ಕಳ ಅಂತಾನೆ, ಮುಗೀತು. ಪೇಟಾ ಇದು, ತಾಲೂಕು ಇದು ಅಂತ ಬಿಡಿಸಿ ಹೇಳೂದು ಯಾರು? ಅಂಚಲ್ಲಿ ಇದ್ದವನು. ಕಾಲು ಆಚೆ ಹಾಕಿದ್ರೆ ಬೇರೆ ಲೆಕ್ಕ ಆಗೂವವನು. ಮಂಕಿ ದಾಟಿದ ಮೇಲೆ, ಮುರ್ಡೇಶ್ವರ ಬರೂದ್ರೊಳಗೆ ಹುಡುಕಿ."

ಮನೆಗೆ ಮರಳುವ ಬಸ್ಸಿನಲ್ಲಿ ಪ್ರಕಾಶ ನಿದ್ದೆ ಹೋದ. ನಾನು ಕಿಟಕಿಯಿಂದ ಹೆದ್ದಾರಿಯ ಬೋರ್ಡುಗಳನ್ನು ಓದುತ್ತ ಬಂದೆ. ಎಲ್ಲಿ ಒಂದು ತಾಲೂಕು ಮುಗಿದು ಇನ್ನೊಂದು ಶುರುವಾಯಿತೆಂದು ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಅದೇ ತೆಂಗು, ಅದೇ ಕೆಂಪು ಕಲ್ಲಿನ ಗೋಡೆ.

ಮುಂದಿನ ವಾರ ನಮ್ಮ ಅಂಗಡಿಯ ಯಜಮಾನ ಮಧುಸೂದನ ಹೆಗಡೆಯವರ ಹತ್ತಿರ ರಜೆ ಕೇಳಿದೆ.

"ಮದುವೆ ಸೀಜನ್ನಲ್ಲಿ ರಜೆಯಾ ಮಾಲಿನಿ?"

"ಮದುವೆಗೇ ಸರ್."

"ಯಾರ ಮದುವೆ?"

"ನಡೆದ್ರೆ ಮಗಳದ್ದು," ಎಂದೆ. ಅವರು ರಜೆ ಕೊಟ್ಟರು.

ಮಂಕಿ ದಾಟಿದ ಮೇಲೆ ಪ್ರಕಾಶನ ಟೆಂಪೋವನ್ನು ಅಲ್ಲಲ್ಲಿ ನಿಲ್ಲಿಸಿ ಕೇಳುತ್ತ ಹೋದೆವು. ಒಂದು ಗೂಡಂಗಡಿಯವನು, "ಯಾವ ತೆಂಕಣಕೇರಿ? ಊರಿಗೊಂದು ಉಂಟು. ಬಡಗಣಕೇರಿ ಬೇಕಾದ್ರೂ ಉಂಟು," ಎಂದ. ಗಡಿ ಹತ್ತಿರದ್ದು ಎಂದದ್ದಕ್ಕೆ, "ಗಡಿಹಳ್ಳದ್ದ?" ಎಂದು ಮಣ್ಣುರಸ್ತೆಯೊಂದನ್ನು ತೋರಿಸಿದ.

ಮಣ್ಣುರಸ್ತೆಯ ಬಾಯಲ್ಲೇ ಪಂಚಾಯ್ತಿಯ ಹಳದಿ ಬೋರ್ಡು. ಅದರಲ್ಲಿ ಹೊನ್ನಾವರ ತಾಲೂಕು ಎಂದು ಬರೆದಿತ್ತು.

"ಇದಲ್ಲ," ಎಂದೆ. "ಇದು ಹೊನ್ನಾವರವೇ ಆತಲ್ಲ. ಭಟ್ಕಳ ಪೇಟಾ ಆಗ್ಬೇಕಿತ್ತು."

"ಇಲ್ಲಿವರೆಗೆ ಬಂದಾತು. ನೀರಾದ್ರೂ ಕುಡಿವ," ಎಂದ ಪ್ರಕಾಶ.

ರಸ್ತೆ ಒಂದು ಹಳ್ಳದ ಮೇಲಿನ ಮೋರಿ ದಾಟಿ ನಿಂತಿತು. ಹಳ್ಳ ಒಣಗಿತ್ತು, ಬರೀ ಕಲ್ಲು. ಮೊದಲ ಮನೆಯ ಅಂಗಳದಲ್ಲಿ ಒಬ್ಬ ಅಜ್ಜ ಮುರುಗಲು ಸಿಪ್ಪೆಯನ್ನು ಚಾಪೆಯ ಮೇಲೆ ಹರಡುತ್ತಿದ್ದ, ಅಂಗೈಯೆಲ್ಲ ಕೆಂಪು. ಸಾಣಿಕಟ್ಟೆಗೆ ಹೋದ ಬೊಮ್ಮಯ್ಯ ಎಂದದ್ದೇ ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಉಪ್ಪು ಹೊರೂಕೆ ಹೋದವನಾ? ತಿರುಗಿ ಬರದವನಾ?"

"ಹೌದು," ಎಂದೆ.

"ಎಲ್ಲ ಎಷ್ಟು ಹೊತ್ತು ಮಾಡ್ಕಂಡು ಬಂದ್ರಿ ಮಾರಾಯ್ರೆ! ನಮ್ಮ ಅಪ್ಪ ಸಾಯೂವರೆಗೂ ದಾರಿ ನೋಡಿದ." ಪ್ರಕಾಶನ ಭುಜಕ್ಕೆ ತನ್ನ ಕೆಂಪು ಕೈಯಿಂದ ಒಂದು ಬಿಗಿದ. "ಬೊಮ್ಮಯ್ಯ ನನ್ನ ಅಪ್ಪನ ಅಣ್ಣ. ನಾ ಹಮ್ಮ. ಕೂರಿ, ಒಳಗೆ ಬನ್ನಿ, ಎಂತ ಕುಡಿತ್ರಿ?"

ಪ್ರಕಾಶನ ಅಂಗಿಯ ಮೇಲೆ ಕೈಯಚ್ಚು ಮೂಡಿತ್ತು. ಅವನ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಕಾಯಲು ಆಗಲಿಲ್ಲ.

"ಅಜ್ಜ, ಅವರ ಬಳಿ ಯಾವ್ದು?"

"ಬೊಮ್ಮಯ್ಯಂದ? ಹೊನ್ನೆ. ಅವಂದೂ ಹೊನ್ನೆ, ನಮ್ಮ ಅಪ್ಪಂದೂ ಹೊನ್ನೆ."

ಮುಗಿಯಿತು ಎಂದುಕೊಂಡೆ. ಜಗಲಿಯ ಕಂಬಕ್ಕೆ ಒರಗಿದೆ. ಅರ್ಚಿತಾಗೆ ಫೋನಿನಲ್ಲಿ ಹೇಳಲೋ ಮನೆಗೆ ಹೋಗಿ ಹೇಳಲೋ ಎಂದು ಯೋಚಿಸುತ್ತಿದ್ದೆ. ಪ್ರಕಾಶ ಮೆಲ್ಲಗೆ, "ಅಂದ್ರೆ ನೀವೂ ಹೊನ್ನೆ, ನಾನೂ ಹೊನ್ನೆ," ಎಂದ.

"ನಾ ಹೊನ್ನೆ ಹ್ಯಾಂಗೆ ಆಗ್ತೆ?" ಎಂದ ಹಮ್ಮಜ್ಜ. "ನಂದು ತೋಳ. ನನ್ನ ಮಕ್ಕಳದ್ದು ಆನೆ. ಮೊಮ್ಮಕ್ಕಳು ಮತ್ತೊಂದು, ಆ ಹೆಸರು ನನ್ನ ಬಾಯಿಗೆ ಬರೂದಿಲ್ಲ."

"ಒಂದೇ ಮನೇಲಿ ಅಷ್ಟು ಬಳಿಯಾ?" ಎಂದ ಪ್ರಕಾಶ. "ಇದು ಮನೆಯೋ ಕಾಡೋ?"

ಅಜ್ಜ ನಗಲಿಲ್ಲ. ಮಂಕು ಹುಡುಗನಿಗೆ ಹೇಳುವ ಹಾಗೆ ಹೇಳಿದ. "ಬಳಿ ಬರೂದು ತಾಯಿಯಿಂದ ಅಲ್ವನ? ಹೆತ್ತವಳು ಅವಳು, ಮಗು ಇಂಥವರದ್ದು ಅಂತ ಹೇಳೂವವಳೂ ಅವಳೇ ಅಲ್ವ?"

"ನಮ್ಮಲ್ಲಿ ಅಪ್ಪನಿಂದ," ಎಂದೆ ನಾನು.

"ಅದು ಹಳ್ಳದ ಬಡಗು. ಇದು ತೆಂಕು." ಒಣಗಿದ ಕಲ್ಲುಗಳ ಕಡೆ ಅಜ್ಜ ಗಲ್ಲ ಎತ್ತಿ ತೋರಿಸಿದ. "ಹಳ್ಳದ ಆಚೆಯವ್ರು ಅಪ್ಪನ ಲೆಕ್ಕ ಹಿಡಿತ್ರು. ಈಚೆ ನಾವು ತಾಯಿ ಲೆಕ್ಕ. ಅದಕ್ಕೇ ಆಚೆ ಕೇರಿಗೂ ನಮ್ಗೂ ಹೆಣ್ಣು ತರೂ ಹೊತ್ತಿಗೆ ಯಾವಾಗ್ಲೂ ಜಗಳ."

"ಆದ್ರೆ ಅಜ್ಜ, ಬೊಮ್ಮಯ್ಯಜ್ಜ ಇಲ್ಲಿಂದ ಹೋಗ್ಬಿಟ್ರು. ನನ್ನ ಮಾವ, ಇವ್ರು, ನನ್ನ ಮಗಳು ಎಲ್ಲ ಹುಟ್ಟಿದ್ದು ಬಡಗಲ್ಲೇ."

"ಮನುಷ್ಯ ಎಲ್ಲಿ ಹೋದ್ರೂ ಲೆಕ್ಕ ಮೂಲದ ಮನೇದು ತಂಗಿ. ಬೊಮ್ಮಯ್ಯ ಈ ಮನೆಯವ. ಅವನ ಹೊನ್ನೆ ಅವನ ಜೊತೆಗೇ ಸುಟ್ಟುಹೋತು. ಅವನ ಮಕ್ಕಳಿಗೆ ಅವರ ತಾಯಿದು, ನಿನ್ನ ಮಗಳಿಗೆ ನಿಂದು."

ನಾನು ಆ ಮಾತನ್ನು ಮತ್ತೊಮ್ಮೆ ಹೇಳಿಸಿದೆ. ಬೋರ್ಡಿನ ವಿಷಯವನ್ನೂ ಕೇಳಿದೆ. ಪಂಚಾಯ್ತಿ ಬೇರೆ ಮಾಡುವಾಗ ಈ ಕೇರಿಯನ್ನು ಹಳ್ಳದಾಚೆಗೆ ಸೇರಿಸಿದರು, ಅದು ತನ್ನ ಕಣ್ಣೆದುರೇ ಆದದ್ದು, ಅದಕ್ಕೂ ಮೊದಲು ಭಟ್ಕಳವೇ ಎಂದು ಹಮ್ಮಜ್ಜ ಹೇಳಿದ. "ರೇಶನ್ನು ಹೊನ್ನಾವರದ್ದು. ದೇವರು, ಬಳಿ ಎಲ್ಲ ಭಟ್ಕಳದ್ದೇ."

ಮುರುಗಲಿನ ಪಾನಕ ಕುಡಿದು ಹೊರಟೆವು. ಮೋರಿಯ ಮೇಲೆ ನಿಂತು ನಾನು ಆ ಹಳ್ಳವನ್ನು ನೋಡಿದೆ. ನಮ್ಮ ಅಂಗಡಿಯ ಒಂದು ಸೀರೆ ಬಿಚ್ಚಿ ಅಡ್ಡ ಹಾಸಿದರೆ ದಡ ಮುಟ್ಟುತ್ತಿತ್ತು. ಅಷ್ಟೇ ಅಗಲದಲ್ಲಿ ಅರ್ಚಿತಾಳ ಬದುಕು ಈಚೆ ದಡಕ್ಕೆ ಬಂದಿತ್ತು. ಪ್ರಕಾಶ ಟೆಂಪೋದಲ್ಲಿ ಹಾಡು ಹಾಕಿ ಸ್ಟೇರಿಂಗ್ ಮೇಲೆ ತಾಳ ಹಾಕಿದ. ನಾನೂ ನಕ್ಕೆ.

ಮಂಕಿ ಬರುವುದರೊಳಗೆ ನಗು ನಿಂತಿತು.

ಮಗಳಿಗೆ ನನ್ನ ಬಳಿ. ನನ್ನದು ಕಡವೆ. ಅದು ಅಪ್ಪನಿಂದ ಬಂದದ್ದು. ನನ್ನ ಅಪ್ಪನ ಮನೆ ಬಡಗಿನದು, ಅಲ್ಲಿ ಅಪ್ಪನ ಲೆಕ್ಕ, ಹಾಗಾಗಿ ನಾನು ಕಡವೆಯೇ ಸರಿ. ಆದರೆ ತಾಯಿಯ ಲೆಕ್ಕ ಹಿಡಿದು ಹೊರಟವಳು ನನ್ನ ಹತ್ತಿರ ಬಂದು ಹಠಾತ್ತನೆ ಅಪ್ಪನ ಲೆಕ್ಕಕ್ಕೆ ಹಾರಬಹುದೇ? ಹೆಣ್ಣಿನಿಂದ ಹೆಣ್ಣಿಗೆ ಎಂದಾದರೆ ನನ್ನ ಅಮ್ಮನ ಬಳಿ ಬೇಕು. ಅಮ್ಮನ ತವರು ಕತಗಾಲ. ಅಮ್ಮನ ಬಳಿ ಯಾವುದೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಂಗಸರ ಬಳಿ ನಮ್ಮಲ್ಲಿ ಯಾರಿಗೆ ಬೇಕು?

ಅಮ್ಮ ಇದ್ದಾಳೆ. ಮಿರ್ಜಾನಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಒಂದು ಫೋನ್ ಸಾಕು. ನಾನು ಫೋನ್ ತೆಗೆದೆ. 'ಅಮ್ಮ' ಎಂಬ ಹೆಸರು ಬಂತು. ಅವಳು ಹೊನ್ನೆ ಎಂದರೆ? ಹೆಬ್ಬೆರಳು ಆ ಹೆಸರಿನ ಮೇಲೆ ಹಾಗೇ ನಿಂತಿತು. ಪರದೆ ಕಪ್ಪಾಯಿತು.

"ಯಾರಿಗೆ?" ಎಂದ ಪ್ರಕಾಶ.

"ಯಾರಿಗೂ ಅಲ್ಲ."

ಅವನಿಗೆ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ದುರ್ಗಪ್ಪನವರಿಗೆ ಪ್ರಕಾಶನೇ ಫೋನ್ ಮಾಡಿ, ಮೂಲ ಸಿಕ್ಕಿತು, ತೊಂದರೆಯಿಲ್ಲ, ಬಂದಾಗ ಹೇಳುತ್ತೇವೆ ಎಂದ. ಅವರು, "ಆತು. ಕೇಳಿದ ಮೇಲೇ ವೀಳ್ಯದ ಮಾತು," ಎಂದರಂತೆ. ಅಲ್ಲಿಂದ ಮುಂದೆ ನನಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಒಬ್ಬರು ಹಸಿರು ಕೇಳಿದರೆ ಕೆಂಪು ಬಿಚ್ಚಿದೆ. ಮನೆಯಲ್ಲಿ ಅರ್ಚಿತಾ ಹಾಡು ಗುನುಗುತ್ತ ತಿರುಗುವಾಗಲೆಲ್ಲ ಅಮ್ಮನಿಗೆ ಫೋನ್ ಮಾಡಿಯೇಬಿಡೋಣ ಅನಿಸುತ್ತಿತ್ತು, ಅವಳ ಮುಖ ನೋಡಿ ಬೇಡ ಅನಿಸುತ್ತಿತ್ತು.

ವೀಳ್ಯದ ದಿನ ಹೊನ್ನಾವರದವರು ಒಂದು ಟ್ರ್ಯಾಕ್ಸ್ ತುಂಬ ಬಂದರು. ನಮ್ಮ ಕಡೆಯವರೂ ಇದ್ದರು. ಮಿರ್ಜಾನಿನಿಂದ ಅಮ್ಮ ನಾಗು ಹೊಸ ಸೀರೆ ಉಟ್ಟು ಬಂದು ಜಗಲಿಯ ಮೇಲೆ ನಡುವೆಯೇ ಕೂತಿದ್ದಳು. ಅವಳನ್ನು ಒಳಗೆ ಕರೆಯಲು ನಾನು ಎರಡು ಸಲ ನೋಡಿದೆ. "ಮೊಮ್ಮಗಳ ವೀಳ್ಯ ಅಡುಗೆಮನೆಯಿಂದ ನೋಡೂದಾ?" ಎಂದು ಗದರಿದಳು.

ದುರ್ಗಪ್ಪ ಪೀಠಿಕೆ ಹಾಕಲಿಲ್ಲ. "ಹೇಳಿ."

ಪ್ರಕಾಶ ಶುರುಮಾಡಿ ಎಲ್ಲೋ ದಾರಿ ತಪ್ಪಿದ. ನಾನೇ ಹೇಳಿದೆ. ಬೊಮ್ಮಯ್ಯಜ್ಜನದು ಹೊನ್ನೆ ಎಂದದ್ದೇ ಜಗಲಿಯಲ್ಲಿ ಗುಸುಗುಸು ಎದ್ದಿತು. ಸಂದೇಶ ತಲೆ ತಗ್ಗಿಸಿದ. ಆ ಮನೆಯದು ತಾಯಿಯ ಲೆಕ್ಕ ಎಂದೆ.

"ಎಲ್ಲಿ ಅಂದ್ರಿ? ಗಡಿಹಳ್ಳದ ತೆಂಕಣಕೇರಿಯಾ?" ದುರ್ಗಪ್ಪನ ಹಣೆ ಗಂಟಾಯಿತು. "ಅದು ನಮ್ಮ ಹೊನ್ನಾವರ ತಾಲೂಕು ತಂಗಿ. ನಾ ಓಟಿನ ಹೊತ್ತಿಗೆ ಹೋಗಿ ಬಂದವ. ಹೊನ್ನಾವರದಲ್ಲಿ ನಮ್ಗೆ ಅಪ್ಪನ ಲೆಕ್ಕ."

"ಈಗ ಹೊನ್ನಾವರ. ಅಜ್ಜ ಬಿಟ್ಟು ಬಂದಾಗ ಅಲ್ಲ. ಅವ್ರು ಯಾರು ಕೇಳಿದ್ರೂ ಪೇಟಾ ಭಟ್ಕಳ ಅಂತ್ಲೇ ಹೇಳ್ತಿದ್ರು. ನಾವೇ ಪೇಟೆ ಮಾಡಿದ್ದು. ಬೋರ್ಡು ಆಮೇಲೆ ಬಂತು. ಹಳ್ಳ ಅಲ್ಲೇ ಉಂಟು."

"ಪೇಟಾ," ಎಂದರು ದುರ್ಗಪ್ಪ. ಆ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದರು. "ಹೌದು. ನಮ್ಮ ಅಪ್ಪನೂ ಹೇಳ್ತಿದ್ದ. ಪೇಟಾ ಅಂತ ಇತ್ತು." ಒಳಗೆ ಅರ್ಚಿತಾಳ ಬಳೆ ಸದ್ದು ಕೇಳಿಸಿ ನಿಂತಿತು. "ತಾಯಿ ಲೆಕ್ಕ ಅಂತಾದ್ರೆ ಹುಡುಗಿಗೆ ನಿನ್ನ ಬಳಿ. ನಿಂದು ಯಾವ್ದು ತಂಗಿ?"

"ಕಡವೆ."

"ಕಡವೆ ಇವಳ ಅಪ್ಪಂದು," ಎಂದಳು ಅಮ್ಮ, ಖುಷಿಯಿಂದ, ತನಗೆ ಗೊತ್ತಿದ್ದ ಮಾತು ಕೊನೆಗೂ ಬಂತೆಂದು. "ನಮ್ಮ ತವರಲ್ಲಿ ಮತ್ತೆ..."

"ಅಮ್ಮ," ಎಂದೆ. ಕವಳದ ತಟ್ಟೆಯನ್ನು ಅವಳ ಮಡಿಲಿಗೇ ಇಟ್ಟೆ. "ಅಡಿಕೆ ಹೋಳು ದೊಡ್ಡದಾತು ಕಾಣು. ಒಳಗೆ ಹೋಗಿ ಸಣ್ಣ ಮಾಡಿ ತಕಂಡು ಬಾ. ನಿನ್ನ ಹಾಂಗೆ ಕತ್ತರಿಸೂಕೆ ಇಲ್ಲಿ ಯಾರಿಗೂ ಬರೂದಿಲ್ಲ."

"ಅಡಿಕೆಗೆ ಮಾತ್ರ ನಾನು ಬೇಕು," ಎಂದು ಅಮ್ಮ ಗೊಣಗುತ್ತ ಎದ್ದಳು. ಹೆಂಗಸರು ನಕ್ಕರು. ದುರ್ಗಪ್ಪ ನಗಲಿಲ್ಲ. ಅಮ್ಮ ಹೊಸ್ತಿಲು ದಾಟುವವರೆಗೂ ಅವಳ ಬೆನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಪಕ್ಕದಲ್ಲಿ ಸಂದೇಶ ಇನ್ನೂ ತಲೆ ಎತ್ತಿರಲಿಲ್ಲ, ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ದುರ್ಗಪ್ಪನೂ ಅದನ್ನು ನೋಡಿದರು.

"ಒಬ್ಬೊಬ್ರಿಗೆ ಅವರವರ ಮೂಲದ ಲೆಕ್ಕ," ಎಂದರು. "ಕಡವೆಗೂ ಹೊನ್ನೆಗೂ ಅಡ್ಡಿಲ್ಲ. ವೀಳ್ಯ ತನ್ನಿ."

ಮದುವೆ ಮೇ ತಿಂಗಳಲ್ಲಿ ಆಯಿತು. ಅಮ್ಮನ ತವರಿನ ಬಳಿ ಯಾವುದೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ಅವಳು ಕತಗಾಲದ ಸುದ್ದಿ ತೆಗೆದರೆ ಎದ್ದು ಹೋಗುತ್ತೇನೆ. ಅರ್ಚಿತಾಗೆ ಕೊಟ್ಟ ಮಾತು ಉಳಿಯಿತು.